ಕ್ಯಾಂಪಸ್ ಪೊಲೀಸಲ್ಲಿ ಸಾರ್ಜೆಂಟ್ ಆಗೋ ಅವಕಾಶ ಬಂದಿದೆ, ಈ ಕೆಲಸದ ಒಳಹೊರಗು ಗೊತ್ತಿರೋರು ಸ್ವಲ್ಪ ಹೇಳಿ

ತುಂಗೆ_ಮಗ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಕ್ಯಾಲಿಫೋರ್ನಿಯಾದ ಒಂದು ಸರ್ಕಾರಿ ಯೂನಿವರ್ಸಿಟಿಯ ಪೊಲೀಸ್ ಡಿಪಾರ್ಟ್‌ಮೆಂಟಲ್ಲಿ ಒಂಬತ್ತು ವರ್ಷದಿಂದ ಆಫೀಸರ್ ಆಗಿದೀನಿ. ಸೆಕ್ಯುರಿಟಿ ಗಾರ್ಡ್ ಅಲ್ಲ, ಊರಲ್ಲಿ ಎಲ್ರೂ ಹಾಗೇ ತಿಳ್ಕೊಂಡಿದಾರೆ ಅದಕ್ಕೆ ಮೊದಲೇ ಹೇಳ್ತಿದೀನಿ. ಇಲ್ಲಿ ಯೂನಿವರ್ಸಿಟಿ ಪೊಲೀಸ್ ಅಂದ್ರೆ ಸಿಟಿ ಪೊಲೀಸರ ಥರಾನೇ ಅಕಾಡೆಮಿ ಮುಗಿಸಿ, ಪ್ರಮಾಣ ತಗೊಂಡು, ಗನ್ನು ಬ್ಯಾಡ್ಜು ಇಟ್ಕೊಂಡು ಅರೆಸ್ಟ್ ಮಾಡೋ ಅಧಿಕಾರ ಇರೋರು, ಕ್ಯಾಂಪಸ್ ಗಡಿಯಿಂದ ಒಂದು ಮೈಲಿವರೆಗೂ ನಮ್ಮ ಹದ್ದು ಅಂತ ರಾಜ್ಯದ ಕಾನೂನಲ್ಲೇ ಇದೆ.

ವಿಷ್ಯ ಏನಂದ್ರೆ ಸಾರ್ಜೆಂಟ್ ಪೋಸ್ಟ್ ಒಂದು ಖಾಲಿ ಆಗಿದೆ, ಲಿಖಿತ ಪರೀಕ್ಷೆ ಪಾಸ್ ಆಯ್ತು, ಮುಂದಿನ ತಿಂಗಳು ಇಂಟರ್‌ವ್ಯೂ ಬೋರ್ಡ್. ಸಿಕ್ರೆ ರಾತ್ರಿ ಪಾಳಿ, ಸಂಜೆ ಆರರಿಂದ ಬೆಳಿಗ್ಗೆ ಆರು, ಕೈಕೆಳಗೆ ಐದು ಜನ. ಅದ್ರಲ್ಲಿ ಇಬ್ರು ನನ್ ಜೊತೇಲೇ ಸೇರಿದೋರು, ಒಬ್ಬನ ಮಗಳ ಬರ್ತ್‌ಡೇಗೆ ನಮ್ ಮನೇಲೇ ಅಡುಗೆ ಮಾಡಿದ್ವಿ. ನಾಳೆ ಅವನಿಗೆ ನಾನು ರಜ ಇಲ್ಲ ಅನ್ಬೇಕು, ಅವನ ರಿಪೋರ್ಟ್ ತಿರುಗಿ ಕಳಿಸ್ಬೇಕು. ಡಿಪಾರ್ಟ್‌ಮೆಂಟಲ್ಲಿ ಕೆಲವರು ಸಾರ್ಜೆಂಟ್ ಆದ್ರೆ ಪೊಲೀಸ್ ಕೆಲಸ ಮುಗೀತು, ಇನ್ನು ಬರೀ ಪೇಪರ್ ತಿದ್ದೋ ಕೆಲಸ ಅಂತಾರೆ, ಇನ್ನು ಕೆಲವರು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಕುರ್ಚಿ ಅದೇ ಅಂತಾರೆ. ಹೆಂಡತಿಗೆ ರಾತ್ರಿ ಪಾಳಿದೇ ಚಿಂತೆ. ಅಪ್ಪ ಶಿವಮೊಗ್ಗ ಜಿಲ್ಲೇಲಿ ಹೆಡ್ ಕಾನ್ಸ್‌ಟೇಬಲ್ ಆಗಿ ರಿಟೈರ್ ಆದೋರು, ಫೋನಲ್ಲಿ ಹೇಳ್ದಾಗ ತೋಳಿಗೆ ಏನ್ ಬರುತ್ತೆ ಅಂತ ಕೇಳಿದ್ರು, ಮೂರು ಪಟ್ಟಿ ಅಪ್ಪ, ನಿಮ್ದು ಕೆಳಮುಖ ಇತ್ತು ಇಲ್ಲಿದು ಮೇಲ್ಮುಖ ಅಂದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ ಅವ್ರು. ಆಮೇಲೆ ಅಂದ್ರು, ಪಟ್ಟಿ ಹಾಕ್ಕೊಂಡ ಮೇಲೆ ಬೇರೆಯವ್ರ ತಪ್ಪಿಗೂ ನೀನೇ ಜವಾಬ್ದಾರ, ಅದನ್ ಯೋಚ್ನೆ ಮಾಡು ಅಂತ. ಅವತ್ತಿಂದ ಅದೇ ತಲೇಲಿ ಕೂತಿದೆ.

ಈ ಲೈನಲ್ಲಿ ಇರೋರು ಇದ್ದೋರು ಯಾರಾದ್ರೂ ಇದ್ರೆ ದಯವಿಟ್ಟು ಮನಸ್ಸು ಬಿಚ್ಚಿ ಹೇಳಿ.

ಹಾಸನದ_ಹಿರಿಯ

ತಮ್ಮ, ನಾನು ಟೆಕ್ಸಾಸಲ್ಲಿ ಒಂದು ಯೂನಿವರ್ಸಿಟಿ ಪೊಲೀಸಲ್ಲಿ ಇಪ್ಪತ್ತಾರು ವರ್ಷ ಇದ್ದು ಲೆಫ್ಟಿನೆಂಟ್ (ಸಾರ್ಜೆಂಟ್‌ಗಿಂತ ಮೇಲಿನ ಹುದ್ದೆ) ಆಗಿ ನಿವೃತ್ತಿ ಆದೋನು, ಹನ್ನೊಂದು ವರ್ಷ ಸಾರ್ಜೆಂಟ್ ಆಗಿದ್ದೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ನಿಮ್ಮಪ್ಪ ಒಂದೇ ಮಾತಲ್ಲಿ ಎಲ್ಲಾ ಹೇಳ್ಬಿಟ್ಟಿದಾರೆ, ನಾನು ಹೇಳೋದು ಅದರ ವಿವರ ಅಷ್ಟೇ.

ಮೊದಲು ನಾವು ಯಾಕಿದೀವಿ ಅನ್ನೋದು. ಯೇಲ್ ಯೂನಿವರ್ಸಿಟಿಗೆ 1894ರಲ್ಲೇ ಊರಿನ ಇಬ್ರು ಪೊಲೀಸರನ್ನ ಹಾಕಿದ್ರು, ಕ್ಯಾಂಪಸ್ ಪೊಲೀಸ್ ಶುರುವಾಗಿದ್ದೇ ಅಲ್ಲಿಂದ ಅಂತಾರೆ. ನಮ್ಮ ಟೆಕ್ಸಾಸಲ್ಲಿ 1966 ಆಗಸ್ಟ್ 1ಕ್ಕೆ ಆಸ್ಟಿನ್ ಯೂನಿವರ್ಸಿಟಿ ಟವರ್ ಮೇಲಿಂದ ಒಬ್ಬ ಗುಂಡು ಹಾರಿಸ್ದ, ಮುಂದಿನ ವರ್ಷ ಯೂನಿವರ್ಸಿಟಿಗೆ ಸ್ವಂತ ಪೊಲೀಸ್ ಇಟ್ಕೊಳ್ಳೋಕೆ ರಾಜ್ಯ ಕಾನೂನು ಮಾಡ್ತು. ಅಂದ್ರೆ ಯಾರೋ ಸತ್ತ ಮೇಲೆ ಹುಟ್ಟಿದ ಕೆಲಸ ನಮ್ಮದು, ಹೊಸಾ ಹುಡುಗರಿಗೆ ಇದನ್ನ ಯಾವಾಗ್ಲೂ ಹೇಳ್ತಿದ್ದೆ.

ಈಗ ಸೂಪರ್‌ವೈಸರ್ ವಿಷ್ಯಕ್ಕೆ ಬರ್ತೀನಿ. ಪೇಪರ್ ತಿದ್ದೋ ಕೆಲಸ ಅಂದೋರಿಗೆ ಆ ಪೇಪರ್ ಏನು ಅಂತ ಗೊತ್ತಿಲ್ಲ. ಒಂದು ಸಲ ರಾತ್ರಿ ಮೂರು ಗಂಟೆಗೆ ಒಬ್ಬ ಆಫೀಸರ್ ರಿಪೋರ್ಟ್ ಟೇಬಲ್ ಮೇಲೆ ಬಂತು, ಹಾಸ್ಟೆಲ್ ರೂಮಿಗೆ ಹೋಗಿದ್ದ ಕೇಸು, "ವಿದ್ಯಾರ್ಥಿ ಸಹಕರಿಸಲಿಲ್ಲ, ಕನಿಷ್ಠ ಬಲ ಬಳಸಬೇಕಾಯಿತು" ಅಂತ ಬರೆದಿದ್ದ. ಕರೆದು ಕೂರಿಸ್ದೆ. ಸಹಕರಿಸಲಿಲ್ಲ ಅಂದ್ರೆ ಏನ್ ಮಾಡ್ದ ಅಂದೆ. ಬಾಗಿಲು ಹಾಕೋಕೆ ಹೋದ ಅಂದ. ಯಾವ ಕೈಲಿ, ಎಷ್ಟು ಹಾಕಿದ, ನೀನು ಅದಕ್ಕೆ ಮೊದಲು ಏನ್ ಹೇಳಿದ್ದೆ, ಅವನು ಏನ್ ಅಂದ, ನಿನ್ ಕಾಲು ಎಲ್ಲಿತ್ತು. ಕೊನೆಗೆ ಬಾಡಿ ಕ್ಯಾಮೆರಾ ಹಾಕಿ ಇಬ್ರೂ ನೋಡಿದ್ವಿ, ನೋಡಿದ್ರೆ ಆ ಹುಡುಗ ಬಾಗಿಲು ಹಾಕ್ತಿರ್ಲಿಲ್ಲ, ಬಾಗಿಲ ಹಿಂದೆ ನೇತು ಹಾಕಿದ್ದ ಶರ್ಟ್ ತಗೊಳ್ತಿದ್ದ, ಬರೀ ಬನಿಯನ್ನಲ್ಲಿದ್ದ ಅವನು. ಆಫೀಸರ್ ಸುಳ್ಳು ಬರೆದಿರ್ಲಿಲ್ಲ, ಅವನ ಕಣ್ಣಿಗೆ ಹಾಗೇ ಕಂಡಿತ್ತು. ಆದ್ರೆ ನಾನು ಆ ಎರಡು ಪದಕ್ಕೆ ಸಹಿ ಹಾಕಿ ಮುಂದಕ್ಕೆ ಕಳಿಸಿದ್ರೆ ಆ ಹುಡುಗನ ಮೇಲೆ ಕೇಸು ಆಗೋದು, ವಿದೇಶದ ಹುಡುಗ ಆಗಿದ್ರಂತೂ ವೀಸಾದವರೆಗೂ ಹೋಗೋದು. ಸಾರ್ಜೆಂಟ್ ಸಹಿ ಅಂದ್ರೆ ಅಷ್ಟು ತೂಕ.

ಎರಡನೇದು ನಿಲ್ಸೋದು. ನಿಮ್ಮ ರಾಜ್ಯದಲ್ಲೇ 2011 ನವೆಂಬರ್ 18ಕ್ಕೆ ಡೇವಿಸ್ ಕ್ಯಾಂಪಸಲ್ಲಿ ಏನಾಯ್ತು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಬೇರೆ ಓದುಗರಿಗೆ ಹೇಳ್ತೀನಿ. ಫೀಸು ಜಾಸ್ತಿ ಮಾಡಿದ್ದಕ್ಕೆ ವಿದ್ಯಾರ್ಥಿಗಳು ಟೆಂಟ್ ಹಾಕಿ ಪ್ರತಿಭಟನೆ ಮಾಡ್ತಿದ್ರು, ದಾರೀಲಿ ತಲೆ ಬಗ್ಗಿಸ್ಕೊಂಡು ಸಾಲಾಗಿ ಕೂತಿದ್ದ ಮಕ್ಕಳ ಮುಖಕ್ಕೆ ಒಬ್ಬ ಲೆಫ್ಟಿನೆಂಟ್ ನಡ್ಕೊಂಡು ಹೋಗ್ತಾ ಪೆಪ್ಪರ್ ಸ್ಪ್ರೇ ಹೊಡೆದ, ತೋಟಕ್ಕೆ ಔಷಧಿ ಹೊಡೆಯೋ ಹಾಗೆ. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದ ಕ್ರೂಸ್ ರೆನೋಸೊ ಅವರ ಸಮಿತಿ 2012ರಲ್ಲಿ ವರದಿ ಕೊಟ್ಟು, ಇದನ್ನ ತಡೀಬಹುದಿತ್ತು, ತಡೀಲೇಬೇಕಿತ್ತು ಅಂತ ಹೇಳ್ತು. ಆ ದೊಡ್ಡ ಸ್ಪ್ರೇ ಡಬ್ಬಿ ಆ ಡಿಪಾರ್ಟ್‌ಮೆಂಟ್ ಮಂಜೂರು ಮಾಡಿದ ಸಾಮಾನೇ ಆಗಿರ್ಲಿಲ್ಲ. ಯೂನಿವರ್ಸಿಟಿ 21 ಜನಕ್ಕೆ ತಲಾ 30,000 ಡಾಲರ್ ಕೊಟ್ಟು ಕೇಸು ಮುಗಿಸ್ತು. ನನಗೆ ಅದರಲ್ಲಿ ಎದೆಗೆ ನಾಟಿದ್ದು ಏನಂದ್ರೆ ಸ್ಪ್ರೇ ಹೊಡೆದೋನು ಹೊಸ ಹುಡುಗ ಅಲ್ಲ, ಸೂಪರ್‌ವೈಸರ್. ಸುತ್ತ ಅಷ್ಟೊಂದು ಪೊಲೀಸರು ನಿಂತಿದ್ರು. ಕೈ ಹಿಡ್ಕೊಂಡು ಸಾರ್ ಬೇಡ ಅನ್ನೋನು ಒಬ್ಬನೂ ಇರ್ಲಿಲ್ಲ. ಹೊಸಬ ದುಡುಕಿದ್ರೆ ಸಾರ್ಜೆಂಟ್ ಹಿಡೀತಾನೆ, ಸಾರ್ಜೆಂಟೇ ದುಡುಕಿದ್ರೆ ಯಾರು ಹಿಡಿಯೋರು?

ಮೂರನೇದು ಇನ್ನೊಂದಿದೆ, ಅಲರ್ಟ್ ವಿಷ್ಯ, ಅದು ಬೇರೆಯಾಗಿ ಬರೀತೀನಿ, ಈಗ ಮೊಮ್ಮಗನ್ನ ಸ್ಕೂಲಿಂದ ಕರ್ಕೊಂಡ್ ಬರ್ಬೇಕು.

ಡೆಸ್ಕ್_ನಂ_2

ಹಿರಿಯರೇ ನೀವು ಬರೆದದ್ದು ಓದಿ ನಮ್ಮ ಸಾರ್ಜೆಂಟ್ ನೆನಪಾದ್ರು. ನಾನು ಮೈಸೂರಿನವಳು, ಇಲ್ಲಿ ಮಧ್ಯಪಶ್ಚಿಮದ ಒಂದು ಕ್ಯಾಂಪಸಲ್ಲಿ ಡಿಸ್ಪ್ಯಾಚರ್, ಅಂದ್ರೆ ಫೋನ್ ಎತ್ತೋದು ರೇಡಿಯೋದಲ್ಲಿ ಆಫೀಸರ್‌ಗಳನ್ನ ಕಳಿಸೋದು ನಮ್ಮ ಕೆಲಸ. ಹೊರಗಿನೋರಿಗೆ ಪೊಲೀಸ್ ಅಂದ್ರೆ ಓಡೋದು ಹಿಡಿಯೋದು, ನಾನು ನೋಡಿದ ಒಳ್ಳೆ ಸೂಪರ್‌ವೈಸರ್ ಕೆಲಸ ಬೇರೆ ಥರದ್ದು. ಒಂದು ಘಟನೆ ಹೇಳ್ತೀನಿ, ಯಾರು ಅಂತ ಗೊತ್ತಾಗ್ಬಾರ್ದು ಅಂತ ಸ್ವಲ್ಪ ಬದಲಾಯಿಸಿದೀನಿ.

ಜನವರಿ ತಿಂಗಳು, ಹೊರಗೆ ಮೈನಸ್ ಹದಿನೆಂಟು, ರಾತ್ರಿ ಎರಡು ಗಂಟೆಗೆ ಒಂದು ಫೋನ್, ಲೈನು ಕರಕರ ಅಂತಿದೆ, ಒಬ್ಬ ಹೆಂಗಸು ಇಂಗ್ಲಿಷಲ್ಲಿ ಮೈ ಸನ್ ಮೈ ಸನ್ ಅಂತ ಅಷ್ಟೇ ಹೇಳ್ತಿದಾರೆ, ಮಧ್ಯದಲ್ಲಿ ಅಯ್ಯೋ ದೇವ್ರೇ ಅಂದ್ರು. ಅಮ್ಮಾ ಕನ್ನಡದಲ್ಲೇ ಹೇಳಿ ಅಂದೆ. ಆ ಕಡೆ ಎರಡು ಸೆಕೆಂಡ್ ಸದ್ದೇ ಇಲ್ಲ, ಆಮೇಲೆ ಅಳು ಕಟ್ಟೆ ಒಡೀತು. ಮಗ ಎರಡೂವರೆ ದಿನದಿಂದ ಫೋನ್ ಎತ್ತಿಲ್ಲ, ವಾಟ್ಸ್ಆಪಲ್ಲಿ ಒಂದೇ ಟಿಕ್ಕು, ರೂಮ್‌ಮೇಟ್ ಊರಿಗೆ ಹೋಗಿದಾನೆ, ಕೊನೇ ಸಲ ಮಾತಾಡ್ದಾಗ ನನಗೆ ಸಾಕಾಗಿದೆ ಅಮ್ಮ ಅಂದಿದ್ನಂತೆ.

ರೇಡಿಯೋದಲ್ಲಿ ಹೊಸ ಆಫೀಸರ್ ನಾನು ಹೋಗ್ತೀನಿ ಅಂದ. ಸಾರ್ಜೆಂಟ್ ಬೇಡ ನಾನೂ ಬರ್ತೀನಿ, ನೀನು ಕೆಳಗೆ ಕಾಯಿ ಅಂದ್ರು. ಆಮೇಲೆ ನನ್ನ ಹತ್ರ ಕೇಳಿದ ಪ್ರಶ್ನೆ ಕೇಳಿ: ಮನೇಲಿ ಅವನನ್ನ ಏನಂತ ಕರೀತಾರೆ? ಪೂರ್ತಿ ಹೆಸರಲ್ಲ, ಅಮ್ಮ ಕರೆಯೋ ಹೆಸರು. ಕೇಳಿ ಹೇಳ್ದೆ. ಹಾಸ್ಟೆಲ್ ಸ್ಟಾಫ್ ಹತ್ರ ಕೀ ತಗೊಂಡು ಹೋದ್ರು, ಬಾಗಿಲನ್ನ ಗುದ್ದಲಿಲ್ಲ, ಬೆರಳಲ್ಲಿ ತಟ್ಟಿ ಆ ಮನೆಹೆಸರು ಕೂಗಿದ್ರು, ನಾಲ್ಕನೇ ಸಲಕ್ಕೆ ಒಳಗಿಂದ ದನಿ ಬಂತು. ಜ್ವರ ಬಂದು ಮಲಗಿದ್ದ, ಫೋನ್ ಸತ್ತು ಮಂಚದ ಕೆಳಗೆ ಬಿದ್ದಿತ್ತು. ಜ್ವರ ಒಂದೇ ಅಲ್ಲ, ಮನಸ್ಸೂ ಸರಿ ಇರ್ಲಿಲ್ಲ, ಅದು ಅವರಿಗೆ ಅವನ ಟೇಬಲ್ ನೋಡೇ ಗೊತ್ತಾಯ್ತಂತೆ, ಮೂರು ದಿನದ ತಿಂಡಿ ಮುಟ್ಟದೆ ಹಾಗೇ ಇತ್ತು. ಅವರದೇ ಫೋನಲ್ಲಿ ನಾವು ಅಮ್ಮನ್ನ ಕನೆಕ್ಟ್ ಮಾಡಿದ್ವಿ. ಇಪ್ಪತ್ತು ನಿಮಿಷ ತಾಯಿ ಮಗ ಕನ್ನಡದಲ್ಲಿ ಮಾತಾಡಿದಾರೆ, ಈ ಮನುಷ್ಯ ಒಂದಕ್ಷರ ಅರ್ಥ ಆಗದೆ ಇದ್ರೂ ಫೋನ್ ಹಿಡ್ಕೊಂಡು ಚೇರಲ್ಲಿ ಕೂತಿದ್ರು. ರೇಡಿಯೋದಲ್ಲಿ ಬೇರೆ ಕಾಲ್ ಬಂತು, ಇನ್ನೊಬ್ಬನ್ನ ಕಳ್ಸಿ ನಾನು ಇಲ್ಲೇ ಇರ್ತೀನಿ ಅಂದ್ರು. ಆಮೇಲೆ ಅವನನ್ನ ಒಪ್ಪಿಸಿ ಕ್ಯಾಂಪಸ್ ಕೌನ್ಸೆಲರ್ ಹತ್ರ ಮಾತಾಡ್ಸಿ, ಬೆಳಿಗ್ಗೆ ಡೀನ್ ಆಫೀಸಿಗೆ ಬರೆದು, ಮೂರು ದಿನ ಆದ್ಮೇಲೆ ತಮ್ಮ ಪಾಳಿ ಶುರುವಾಗೋ ಮೊದಲೇ ಹೋಗಿ ಅವನನ್ನ ನೋಡ್ಕೊಂಡು ಬಂದ್ರು. ರಿಪೋರ್ಟಲ್ಲಿ ಇದು ಮೂರೇ ಸಾಲು.

ತುಂಗೆ ಮಗ ಅವರೇ, ನೀವು ಕನ್ನಡ ಮಾತಾಡೋ ಸಾರ್ಜೆಂಟ್ ಆದ್ರೆ ಎಷ್ಟು ತಾಯಂದಿರಿಗೆ ಉಪಕಾರ ಅಂತ ಯೋಚ್ನೆ ಮಾಡಿ.

ದಾವಣಗೆರೆ_ತಾಯಿ

ಓದ್ತಾ ಓದ್ತಾ ಕಣ್ಣೀರು ಬಂತು ಕಣಮ್ಮ. ನಮ್ಮ ಹುಡುಗಿ ಆಗಸ್ಟಿಗೆ ಎಂಎಸ್ ಮಾಡಾಕೆ ಹೊರಡ್ತಾಳೆ, ಇವ್ರು ದುಡ್ಡಿನ ಲೆಕ್ಕ ಹಾಕ್ತಾ ಕೂತ್ರೆ ನನಗೆ ಈ ಗನ್ನು ಗಲಾಟೆ ಸುದ್ದಿ ಕೇಳಿ ನಿದ್ದಿ ಬರಂಗಿಲ್ಲ. ಹಂಗೇನಾದ್ರೂ ಆದ್ರೆ ನಾವು ಇಲ್ಲಿಂದ ಪೊಲೀಸ್ರಿಗೆ ಫೋನ್ ಮಾಡಬಹುದಾ? ಇಂಗ್ಲಿಷ್ ಅಷ್ಟಾಗಿ ಬರಲ್ಲ. ಫೋನ್ ಮಾಡಿದ್ರೆ ಹುಡುಗಿಗೆ ಏನಾದ್ರೂ ತೊಂದ್ರೆ ಆಗ್ತತಾ, ಅವಳ ಹೆಸರಿಗೆ ಪೊಲೀಸ್ ಕೇಸು ಅಂತ ಏನಾದ್ರೂ ಬೀಳ್ತತಾ?

ಡೆಸ್ಕ್_ನಂ_2

ಅಮ್ಮಾ ಧಾರಾಳವಾಗಿ ಮಾಡಿ, ಕೇಸು ಗೀಸು ಏನೂ ಆಗಲ್ಲ, ಕ್ಷೇಮ ವಿಚಾರಿಸೋಕೆ ಹೋಗೋದನ್ನ ವೆಲ್ಫೇರ್ ಚೆಕ್ ಅಂತೀವಿ, ವಾರಕ್ಕೆ ಎಷ್ಟೋ ಬರ್ತಾವೆ. ಇವಾಗ್ಲೇ ಈ ಕೆಲಸ ಮಾಡಿಡಿ: ಆ ಯೂನಿವರ್ಸಿಟಿ ಪೊಲೀಸ್ ಆಫೀಸಿನ ಹತ್ತಂಕಿ ನಂಬರ್ ಬರ್ಕೊಂಡು ಫ್ರಿಜ್ ಮೇಲೆ ಅಂಟಿಸಿ, ಅದರ ಮುಂದೆ ಅಮೆರಿಕದ ಕೋಡ್ +1 ಹಾಕಿ. 911 ಅನ್ನೋದು ಇಲ್ಲಿಂದ ಮಾಡಿದ್ರೆ ಮಾತ್ರ, ದಾವಣಗೆರೆಯಿಂದ ಮಾಡಿದ್ರೆ ನಮಗೆ ಬರಲ್ಲ. ಮಗಳ ಬಿಲ್ಡಿಂಗ್ ಹೆಸರು, ರೂಮ್ ನಂಬರ್, ಒಬ್ಬ ಫ್ರೆಂಡ್ ನಂಬರ್ ಇಟ್ಕೊಳ್ಳಿ. ಫೋನ್ ಎತ್ತಿದ ತಕ್ಷಣ ಕನ್ನಡ ಅಂತ ಒಂದು ಪದ ಹೇಳಿ ಸಾಕು, ಎಷ್ಟೋ ಕಡೆ ಭಾಷೆ ಗೊತ್ತಿರೋರನ್ನ ಲೈನಿಗೆ ತರೋ ಸೇವೆ ಇರುತ್ತೆ. ಕೆಲಸ ಆಗ್ತಿಲ್ಲ ಅನ್ಸಿದ್ರೆ ಶಿಫ್ಟ್ ಸೂಪರ್‌ವೈಸರ್ ಬೇಕು ಅಂತ ಹೇಳಿ, ಹಾಗೆ ಕೇಳೋದ್ರಲ್ಲಿ ತಪ್ಪಿಲ್ಲ.

ಒಂದು ಬೇಜಾರಿನ ವಿಷ್ಯನೂ ಹೇಳ್ತೀನಿ. ಹದಿನೆಂಟು ದಾಟಿದ ಮಕ್ಕಳು ಇಲ್ಲಿ ದೊಡ್ಡೋರು, ಅವರ ಆರೋಗ್ಯದ ವಿಷ್ಯ ಅವರನ್ನ ಕೇಳದೆ ನಾವು ಸಾಮಾನ್ಯವಾಗಿ ಅಪ್ಪ ಅಮ್ಮಂಗೂ ಹೇಳೋ ಹಾಗಿಲ್ಲ. ನೋಡಿದೀವಿ, ನಿಮಗೆ ಫೋನ್ ಮಾಡು ಅಂತ ಹೇಳಿದೀವಿ, ಅಷ್ಟು ಹೇಳ್ಬಹುದು. ಕೋಪ ಮಾಡ್ಕೊಬೇಡಿ.

ಮತ್ತೆ ನೆನಪಿಡಿ, ಕ್ಯಾಂಪಸ್ ಪೊಲೀಸ್ ಅಂತ ಹೇಳ್ಕೊಂಡು ನಿಮ್ಮ ಮಗಳ ಮೇಲೆ ವಾರೆಂಟ್ ಇದೆ ದುಡ್ಡು ಕಳ್ಸಿ, ಗಿಫ್ಟ್ ಕಾರ್ಡ್ ನಂಬರ್ ಹೇಳಿ ಅಂತ ಯಾರಾದ್ರೂ ಅಂದ್ರೆ ಅದು ಮೋಸ, ಸ್ಕ್ರೀನ್ ಮೇಲೆ ನಮ್ಮದೇ ನಂಬರ್ ತೋರಿಸಿದ್ರೂ ಮೋಸ. ಇಟ್ಬಿಟ್ಟು ನೀವೇ ಬರ್ಕೊಂಡಿರೋ ನಂಬರಿಗೆ ತಿರುಗಿ ಮಾಡಿ.

ಎಂಎಸ್_ಎರಡನೇ_ವರ್ಷ

ಎಲ್ಲಾ ಒಳ್ಳೇದೇ ಬರೀತಿದೀರಿ ಅದಕ್ಕೆ ನಂದೂ ಹೇಳ್ತೀನಿ. ಹೋದ ವರ್ಷ ಸೆಮಿಸ್ಟರ್ ಕೊನೇಲಿ ರಾತ್ರಿ ಹನ್ನೆರಡೂವರೆಗೆ ಲ್ಯಾಬ್ ಬಿಲ್ಡಿಂಗಿಂದ ಬರ್ತಿದ್ದೆ, ಹುಡ್ ಹಾಕ್ಕೊಂಡಿದ್ದೆ ಚಳಿ ಅಂತ, ಬೆನ್ನಿಗೆ ದೊಡ್ಡ ಬ್ಯಾಗು. ಯಾರೋ ಅನುಮಾನದ ವ್ಯಕ್ತಿ ಅಂತ ಫೋನ್ ಮಾಡಿದಾರೆ, ಆಫೀಸರ್ ಬಂದು ಕೈ ಕಾಣೋ ಹಾಗೆ ಇಡು, ಗೋಡೆ ಕಡೆ ತಿರುಗು ಅಂತ, ಐಡಿ ಕಾರ್ಡ್ ಜೇಬಲ್ಲಿದೆ ಅಂದ್ರೂ ಕೇಳಲಿಲ್ಲ. ನನ್ನ ಜೊತೆಯ ಬಿಳಿ ಹುಡುಗ ಹತ್ತು ಹೆಜ್ಜೆ ಹಿಂದೆ ಅದೇ ಬ್ಯಾಗ್ ಹಾಕ್ಕೊಂಡು ಬರ್ತಿದ್ದ, ಅವನನ್ನ ಏನೂ ಕೇಳಲಿಲ್ಲ. ಏಳೆಂಟು ನಿಮಿಷ ಅಷ್ಟೇ, ಕೈ ಹಾಕಲಿಲ್ಲ, ಬಿಟ್ಟು ಕಳಿಸಿದ್ರು. ಆದ್ರೆ ವಾರಗಟ್ಟಲೆ ಆ ದಾರೀಲಿ ಹೋಗೋಕೆ ಆಗ್ಲಿಲ್ಲ ನನಗೆ. ಮನೇಲಿ ಹೇಳಿಲ್ಲ ಇವತ್ತಿಗೂ.

ರೂಮ್‌ಮೇಟ್ ಬಲವಂತಕ್ಕೆ ದೂರು ಕೊಟ್ಟೆ. ಒಬ್ರು ಸಾರ್ಜೆಂಟ್ ಕರೆಸಿದ್ರು, ಹೆಂಗಸು, ಸ್ಟೇಷನ್ನಿಗೆ ಬೇಡ ಲೈಬ್ರರಿ ಕ್ಯಾಂಟೀನಿಗೆ ಬಾ ಅಂದ್ರು. ಮೊದಲು ನಾನು ಹೇಳೋದನ್ನ ಪೂರ್ತಿ ಕೇಳಿದ್ರು, ಮಧ್ಯ ಬಾಯಿ ಹಾಕಲಿಲ್ಲ. ಎಂಟು ದಿನ ಆದ್ಮೇಲೆ ಅವರೇ ಫೋನ್ ಮಾಡಿ ವಿಡಿಯೋ ಎರಡು ಸಲ ನೋಡ್ದೆ, ನೀನು ಹೇಳಿದ್ದು ಸರಿ ಇದೆ, ಐಡಿ ತೋರಿಸ್ತೀನಿ ಅಂತ ನೀನು ಮೂರು ಸಲ ಹೇಳಿದೀಯ, ನಿನ್ನನ್ನ ನಿಲ್ಸಿದ ರೀತಿ ತಪ್ಪು, ಆಫೀಸರ್ ಮೇಲೆ ತಗೊಂಡ ಕ್ರಮ ಏನು ಅಂತ ನಿನಗೆ ಹೇಳೋಕೆ ಕಾನೂನು ಬಿಡಲ್ಲ, ಆದ್ರೆ ಅವನಿಗೆ ಮೇಲಿನವಳು ನಾನು, ನಾನು ಕ್ಷಮೆ ಕೇಳ್ತೀನಿ ಅಂದ್ರು. ಆಮೇಲೆ ಫೋನ್ ತಗೊಳ್ಳೋ ಡಿಸ್ಪ್ಯಾಚರ್‌ಗಳಿಗೂ ಹೇಳಿದಾರೆ, ಅನುಮಾನದ ವ್ಯಕ್ತಿ ಅಂತ ಯಾರಾದ್ರೂ ಅಂದ್ರೆ ಅವನು ಏನ್ ಮಾಡ್ತಿದಾನೆ ಅಂತ ಕೇಳಿ, ಹೇಗಿದಾನೆ ಅಂತ ಮೊದಲು ಕೇಳ್ಬೇಡಿ ಅಂತ. ಸಿಟ್ಟು ಪೂರ್ತಿ ಹೋಗಿಲ್ಲ ಸಾರ್ ನನಗೆ, ಸುಳ್ಳು ಯಾಕೆ ಹೇಳ್ಲಿ, ಆದ್ರೆ ಆ ದಾರೀಲಿ ಈಗ ಓಡಾಡ್ತೀನಿ.

ಸುಬೇದಾರ್_ಧಾರವಾಡ

ಎಲ್ಲಾರಿಗೂ ನಮಸ್ಕಾರ್ರಿ. ನಾ ಆರ್ಮಿಯೊಳಗ ಇಪ್ಪತ್ತೆಂಟು ವರ್ಷ ಮಾಡಿ ಈಗ ನಮ್ಮ ಕಡೆ ಒಂದು ಯೂನಿವರ್ಸಿಟಿಯೊಳಗ ಸೆಕ್ಯುರಿಟಿ ಆಫೀಸರ್ ಇದ್ದೀನಿ. ಕೈಕೆಳಗ ತೊಂಬತ್ತು ಮಂದಿ ಗಾರ್ಡ್ಸ್, ಎಲ್ಲಾ ಏಜೆನ್ಸಿ ಮಂದಿ, ವರ್ಷಾ ಟೆಂಡರ್ ಬದಲಾದ್ರ ಮಂದಿನೂ ಬದಲಾಗ್ತಾರ. ನಿಮ್ಮದು ಓದಿ ಹೊಟ್ಟಿಕಿಚ್ಚು ಆಗ್ಲಿಲ್ಲ, ಖರೆ ಹೇಳ್ತೀನಿ ಖುಷಿ ಆತು, ಯಾಕಂದ್ರ ಕೆಲಸಾ ಒಂದ ಐತಿ, ಅಧಿಕಾರ ಅಷ್ಟ ಬ್ಯಾರೆ.

ನಮಗ ಅರೆಸ್ಟ್ ಪವರ್ ಇಲ್ಲರಿ. ಕಣ್ಣ ಮುಂದ ದೊಡ್ಡ ಅಪರಾಧ ನಡದ್ರ ಯಾವ ನಾಗರಿಕನರ ಹಿಡಿಯಬಹುದು, ಹೊಸಾ ನಾಗರಿಕ ಸುರಕ್ಷಾ ಸಂಹಿತಾದೊಳಗ 40ನೇ ಕಲಂ, ಆರು ತಾಸಿನೊಳಗ ಪೊಲೀಸರಿಗೆ ಒಪ್ಪಿಸಬೇಕು, ನಮಗೂ ಅಷ್ಟ. ರ‍್ಯಾಗಿಂಗ್ ಆತಂದ್ರ ಕರ್ನಾಟಕ ಶಿಕ್ಷಣ ಕಾಯ್ದೆ 1983 ಐತಿ, ಯುಜಿಸಿ 2009ರ ನಿಯಮ ಐತಿ, ಸಂಸ್ಥೆಯ ಮುಖ್ಯಸ್ಥರು 24 ತಾಸಿನೊಳಗ ಎಫ್ಐಆರ್ ಮಾಡಸಬೇಕು. ಕಾಗದದ ಮ್ಯಾಲ ಎಲ್ಲಾ ಐತಿ. ಆದ್ರ ರಾತ್ರಿ ಹನ್ನೊಂದಕ್ಕ ಹಾಸ್ಟೆಲ್ ಹುಡುಗ ಅಳಕೊಂತ ನನ್ನ ಹಂತ್ಯಾಕ ಬಂದ್ರ, ನಾ ವಾರ್ಡನ್‌ಗೆ ಹೇಳಬೇಕು, ವಾರ್ಡನ್ ರಿಜಿಸ್ಟ್ರಾರ್‌ಗೆ, ಅವರು ಮ್ಯಾಲಿನವರಿಗೆ, ಅಲ್ಲಿ ಯಾರರ ಒಬ್ಬರು ಮುಂಜಾನೆ ನೋಡೋಣು ಸುಬೇದಾರ್ ಸಾಹೇಬ್ರ ಅಂತಾರ. ಮುಂಜಾನೆ ಆಗೂದ್ರಾಗ ಆ ಹುಡುಗ ಹೆದರಿ ಏನೂ ಆಗಿಲ್ಲ ಅಂತ ಬರದ ಕೊಟ್ಟಿರ್ತಾನ. ನಾ ಒಂದು ಪದ್ಧತಿ ಮಾಡಿಕೊಂಡೀನಿ, ನನ್ನ ಡ್ಯೂಟಿ ರಜಿಸ್ಟರ್‌ನಾಗ ಹುಡುಗ ಬಂದ ಟೈಮು, ಅಂವ ಹೇಳಿದ ಮಾತು ಅಂವ ಹೇಳಿದಂಗ, ನಾ ಯಾರಿಗೆ ಎಷ್ಟಕ್ಕ ಫೋನ್ ಮಾಡಿದೆ, ಎಲ್ಲಾ ಬರದ ಅವನ ಮುಂದ ಓದಿ ಸಹಿ ತಗೋತೀನಿ. ಒಂದ ಸಲ ಅದ ಪುಟಾ ವಿಚಾರಣಾದಾಗ ಕೆಲಸಕ್ಕ ಬಂತು. ಹಾಸನದ ಸಾಹೇಬ್ರು ರಿಪೋರ್ಟಿನ ತೂಕ ಹೇಳಿದ್ರಲ್ಲ, ಅಧಿಕಾರ ಇಲ್ಲದಲ್ಲಿ ಅದರ ತೂಕ ಇನ್ನೂ ಜಾಸ್ತಿರಿ.

ತುಂಗೆ ತಮ್ಮಾ, ನಿನಗ ಸಿಗಾಕತ್ತಿದ್ದು ಎಷ್ಟು ದೊಡ್ಡದು ಅಂತ ಇಲ್ಲಿ ಕುಂತ ನಮಗ ತಿಳಿತೈತಿ. ತಗೋ.

ತುಂಗೆ_ಮಗ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಸುಬೇದಾರ್ ಸರ್, ನಿಮ್ಮ ರಿಜಿಸ್ಟರ್ ವಿಷ್ಯ ಓದಿ ನಮ್ಮ ರಾಜ್ಯದ ಒಂದು ಕೇಸ್ ನೆನಪಾಯ್ತು. 1996 ಮೇ ತಿಂಗಳಲ್ಲಿ ಸ್ಯಾನ್ ಲೂಯಿಸ್ ಒಬಿಸ್ಪೋ ಊರಿನ ಕ್ಯಾಲ್ ಪಾಲಿ ಯೂನಿವರ್ಸಿಟೀಲಿ ಕ್ರಿಸ್ಟಿನ್ ಸ್ಮಾರ್ಟ್ ಅನ್ನೋ ಹುಡುಗಿ ಪಾರ್ಟಿಯಿಂದ ಹಾಸ್ಟೆಲಿಗೆ ವಾಪಸ್ ಬರ್ತಾ ಕಾಣೆಯಾದ್ಲು. ಮೊದಲ ದಿನಗಳಲ್ಲಿ ಎಲ್ಲಿಗೋ ಹೋಗಿರ್ತಾಳೆ ಬರ್ತಾಳೆ ಅಂತ ಸುಮ್ನಿದ್ರು. ಅವಳ ಹೆಸರಲ್ಲೇ 1998ರಲ್ಲಿ ಕಾನೂನು ಬಂತು, ಕೊಲೆ, ರೇಪ್ ಥರದ ಕೇಸಲ್ಲಿ ಕ್ಯಾಂಪಸ್ ಪೊಲೀಸ್ ಏನ್ ಮಾಡ್ಬೇಕು ಊರಿನ ಪೊಲೀಸ್ ಏನ್ ಮಾಡ್ಬೇಕು ಅಂತ ಮೊದಲೇ ಬರೆದಿಟ್ಕೊಂಡಿರ್ಬೇಕು ಅಂತ. ಅಪರಾಧಿಗೆ ಶಿಕ್ಷೆ ಆಗಿದ್ದು 2023ರಲ್ಲಿ, ಆಗ್ಲೂ ಅವಳ ದೇಹ ಸಿಕ್ಕಿರ್ಲಿಲ್ಲ. ಕಾಣೆಯಾದೋರ ದೂರು ತಗೊಂಡಾಗೆಲ್ಲ ನನಗೆ ಅವಳ ನೆನಪು ಬರುತ್ತೆ. ನೋಡೋಣ ಅನ್ನೋ ಪದ ನಮ್ಮ ಕೆಲಸದಲ್ಲಿ ಎಷ್ಟು ಕೆಟ್ಟದ್ದು.

ಹಿರಿಯರೇ, ನನ್ನ ಫ್ರೆಂಡ್ ವಿಷ್ಯಕ್ಕೆ ಏನ್ ಮಾಡ್ಲಿ? ಮತ್ತೆ ಆ ಅಲರ್ಟ್ ವಿಷ್ಯ ಹೇಳ್ತೀನಿ ಅಂದಿದ್ರಿ.

ಹಾಸನದ_ಹಿರಿಯ

ಫ್ರೆಂಡ್ ವಿಷ್ಯ ಮೊದಲು. ಮೊದಲನೇ ದಿನಾನೇ ಅವನನ್ನ ಒಬ್ಬನ್ನೇ ಕರೆದು ಕೂತು ಹೇಳು, ನಿನ್ ಮನೇಲಿ ಊಟ ಮಾಡ್ತೀನಿ, ನಿನ್ ರಿಪೋರ್ಟ್ ವಾಪಸ್ಸೂ ಕಳಿಸ್ತೀನಿ, ಎರಡೂ ನಾನೇ ಅಂತ. ನಾನು ಇದನ್ನ ಹೇಳದೆ ಆರು ತಿಂಗಳು ತಳ್ಳಿದೆ, ಅವನ ತಡವಾಗಿ ಬರೋದನ್ನ ಕಂಡೂ ಕಾಣದ ಹಾಗಿದ್ದೆ, ಉಳಿದ ನಾಲ್ಕು ಜನ ನನ್ನ ಮುಖ ನೋಡೋದು ಬಿಟ್ರು. ಕೊನೆಗೆ ಬರವಣಿಗೇಲಿ ಎಚ್ಚರಿಕೆ ಕೊಡ್ಬೇಕಾದಾಗ ಅವನಿಗೂ ನೋವು ನನಗೂ ನೋವು. ಮೊದಲೇ ಹೇಳಿದ್ರೆ ಒಂದು ಕಾಫೀಲಿ ಮುಗೀತಿತ್ತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಜೊತೆ ಆಫೀಸರ್ ಅತಿ ಬಲ ಬಳಸಿದ್ರೆ ತಡೀಲೇಬೇಕು, ತಕ್ಷಣ ಮೇಲಿನೋರಿಗೆ ಹೇಳ್ಲೇಬೇಕು ಅಂತ ಕಾನೂನು ಗಟ್ಟಿ ಮಾಡಿದಾರೆ ಅಲ್ವಾ, ಆ ಮೇಲಿನೋನು ನೀನೇ. ನಿನ್ ಹತ್ರ ಬಂದು ಹೇಳಿದ ಹುಡುಗನ್ನ ಚಾಡಿಕೋರ ಅಂತ ಪಾಳಿಯೋರು ದೂರ ಇಡದೆ ಇರೋ ಹಾಗೆ ನೋಡ್ಕೊಳ್ಳೋದೂ ನಿನ್ ಕೆಲಸ.

ಅಲರ್ಟ್. ಜೀನ್ ಕ್ಲೆರಿ ಅಂತ ಹತ್ತೊಂಬತ್ತು ವರ್ಷದ ಹುಡುಗಿ, ಪೆನ್ಸಿಲ್ವೇನಿಯಾದ ಲೀಹೈ ಯೂನಿವರ್ಸಿಟಿ, 1986 ಏಪ್ರಿಲಲ್ಲಿ ಹಾಸ್ಟೆಲ್ ರೂಮಲ್ಲೇ ಕೊಲೆ ಆದ್ಲು. ಬೀಗ ಇದ್ದ ಬಾಗಿಲುಗಳನ್ನ ಯಾರೋ ಏನೋ ಅಡ್ಡ ಇಟ್ಟು ತೆರೆದಿಟ್ಟಿದ್ರು, ಕೊಲೆಗಾರ ಆ ಬಾಗಿಲುಗಳಿಂದ ಬಂದ. ಅವಳ ಅಪ್ಪ ಅಮ್ಮಂಗೆ ಆಮೇಲೆ ಗೊತ್ತಾಯ್ತು, ಮೂರು ವರ್ಷದಲ್ಲಿ ಆ ಕ್ಯಾಂಪಸಲ್ಲಿ 38 ಹಿಂಸೆಯ ಅಪರಾಧ ಆಗಿತ್ತು, ಯಾರಿಗೂ ಹೇಳಿರ್ಲಿಲ್ಲ. ಅವರು ಹೋರಾಡಿ 1990ರಲ್ಲಿ ಕಾನೂನು ತಂದ್ರು. ಕ್ಯಾಂಪಸಲ್ಲಿ ಪೊಲೀಸ್ ಇದ್ರೆ ದಿನಾ ಅಪರಾಧದ ಲಾಗ್ ಇಡ್ಬೇಕು, ಎರಡು ಕೆಲಸದ ದಿನದೊಳಗೆ ಬರೀಬೇಕು, ಕಳೆದ 60 ದಿನದ್ದು ಯಾರು ಬಂದು ಕೇಳಿದ್ರೂ ತೋರಿಸ್ಬೇಕು, ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ವರದಿ ಹಾಕ್ಬೇಕು, ಅಪಾಯ ಮುಂದುವರಿದಿದ್ರೆ ಎಲ್ಲರಿಗೂ ಎಚ್ಚರಿಕೆ ಕಳಿಸ್ಬೇಕು. ದಾವಣಗೆರೆ ತಾಯಿ, ನೀವು ಮಗಳ ಕಾಲೇಜಿನ ಆ ವರದಿ ಓದ್ಬಹುದು, ವೆಬ್‌ಸೈಟಲ್ಲೇ ಇರುತ್ತೆ. ಲೆಕ್ಕ ಮುಚ್ಚಿಟ್ರೆ ದಂಡ, 2024ರಲ್ಲಿ ಲಿಬರ್ಟಿ ಯೂನಿವರ್ಸಿಟಿಗೆ 1.4 ಕೋಟಿ ಡಾಲರ್ ಬಿತ್ತು. ಆ ಲೆಕ್ಕದ ಬುಡ ಎಲ್ಲಿ? ರಾತ್ರಿ ಪಾಳಿ ಸಾರ್ಜೆಂಟ್, ಇದು ಕಳ್ಳತನನಾ ಮನೆಗೆ ನುಗ್ಗಿದ್ದಾ ಅಂತ ಸರಿಯಾಗಿ ವಿಂಗಡಿಸಿ ಹಾಕೋದ್ರಲ್ಲಿ.

ಇನ್ನು ವರ್ಜೀನಿಯಾ ಟೆಕ್ ಯೂನಿವರ್ಸಿಟಿ. 2007 ಏಪ್ರಿಲ್ 16. ಬೆಳಿಗ್ಗೆ ಏಳೂಕಾಲಿಗೆ ಹಾಸ್ಟೆಲಲ್ಲಿ ಇಬ್ಬರಿಗೆ ಗುಂಡು ಬಿತ್ತು. ಇದು ಪ್ರೀತಿ ಜಗಳ ಇರ್ಬೇಕು, ಮಾಡಿದೋನು ಕ್ಯಾಂಪಸ್ ಬಿಟ್ಟಿರ್ಬೇಕು ಅಂತ ಅಂದಾಜು ಮಾಡಿದ್ರು. ಪೊಲೀಸರು ತಾವಾಗೇ ಎಲ್ಲರಿಗೂ ಮೆಸೇಜ್ ಕಳ್ಸೋ ಹಾಗಿರ್ಲಿಲ್ಲ, ಆಡಳಿತದ ಕಮಿಟಿ ಕೂತು ತೀರ್ಮಾನ ಮಾಡ್ಬೇಕಿತ್ತು. ಮೊದಲ ಇಮೇಲ್ ಹೋಗಿದ್ದು 9.26ಕ್ಕೆ. 9.40ರ ಸುಮಾರಿಗೆ ಅವನು ಕ್ಲಾಸು ನಡೀತಿದ್ದ ನಾರಿಸ್ ಹಾಲಲ್ಲಿ ಗುಂಡು ಹಾರಿಸ್ತಿದ್ದ. ಅವನನ್ನ ಬಿಟ್ಟು 32 ಜನ ಸತ್ರು. ಪಾಠ ಮಾಡ್ತಿದ್ದ ಪ್ರೊಫೆಸರ್ ಲೋಗನಾಥನ್ ಅದ್ರಲ್ಲಿ ಒಬ್ರು, ತಮಿಳುನಾಡಿನೋರು, ಸಿವಿಲ್ ಇಂಜಿನಿಯರಿಂಗ್. ಅವತ್ತು ನಾನು ಸಾರ್ಜೆಂಟ್ ಆಗಿ ಎರಡನೇ ವರ್ಷ, ಬ್ರೀಫಿಂಗ್ ರೂಮಲ್ಲಿ ಟಿವಿ ನೋಡ್ತಾ ನಿಂತಿದ್ವಿ, ಯಾರೂ ಕೂತಿರ್ಲಿಲ್ಲ. ಮುಂದಿನ ವರ್ಷ ಕಾನೂನು ತಿದ್ದಿದ್ರು, ಅಪಾಯ ಖಚಿತ ಆದ ತಕ್ಷಣ ತಡ ಮಾಡ್ದೆ ತಿಳಿಸ್ಬೇಕು ಅಂತ. ಈಗ ಬಹಳ ಕಡೆ ಆ ಬಟನ್ ಪಾಳಿ ಸೂಪರ್‌ವೈಸರ್ ಕೈಲಿದೆ.

ಇಂಟರ್‌ವ್ಯೂ ಬೋರ್ಡಲ್ಲಿ ಇದನ್ನೇ ಕೇಳ್ತಾರೆ ತಮ್ಮ, ನಿಂಗೆ ಅರ್ಧ ಮಾಹಿತಿ ಇದೆ, ಚೀಫ್ ಫೋನ್ ಎತ್ತಿಲ್ಲ, ಏನ್ ಮಾಡ್ತೀಯ. ನಾನಾಗಿದ್ರೆ ಕಳಿಸ್ತೀನಿ. ತಪ್ಪಾದ್ರೆ ಬೆಳಿಗ್ಗೆ ನಲವತ್ತು ಸಾವಿರ ಜನ ನನ್ನ ಬೈಲಿ, ಬೈಸ್ಕೊಳ್ತೀನಿ. ನಾನು ಎರಡು ಸಲ ಕಳಿಸಿ ಒಂದ್ಸಲ ತಪ್ಪಾಗಿತ್ತು, ಯಾರೋ ನಾಟಕದ ಡಮ್ಮಿ ಬಂದೂಕು ಕಾರಿಂದ ಇಳಿಸ್ತಿದ್ರು. ಬೈಸ್ಕೊಂಡೆ. ನಿದ್ದೆ ಚೆನ್ನಾಗಿ ಬಂತು.

ದಾವಣಗೆರೆ_ತಾಯಿ

ವರದಿ ಸಿಕ್ತು ಸಾರ್, ಮಗಳೇ ಓದಿ ಕನ್ನಡದಾಗೆ ಹೇಳಿದ್ಲು. ನಂಬರ್ ಫ್ರಿಜ್ ಮೇಲೆ ಅಂಟಿಸಿದೀವಿ.

ತುಂಗೆ_ಮಗ

ನಾಲ್ಕು ತಿಂಗಳಾದ್ಮೇಲೆ ಬರೀತಿದೀನಿ, ಕ್ಷಮಿಸಿ. ಬೋರ್ಡಲ್ಲಿ ಅದೇ ಪ್ರಶ್ನೆ ಬಂತು ಹಿರಿಯರೇ. ಪೋಸ್ಟ್ ಸಿಕ್ತು. ಸೂಪರ್‌ವೈಸರ್ ಕೋರ್ಸ್ ಎಂಬತ್ತು ಗಂಟೆ, ಹೋದ ವಾರ ಮುಗೀತು.

ಫ್ರೆಂಡ್ ಹತ್ರ ಮೊದಲನೇ ದಿನ ಪಾರ್ಕಿಂಗ್ ಲಾಟಲ್ಲೇ ನೀವು ಹೇಳಿದ ಹಾಗೆ ಮಾತಾಡ್ದೆ. ಏನೂ ಹೇಳ್ಲಿಲ್ಲ, ತಲೆ ಆಡಿಸ್ದ. ಮೂರನೇ ವಾರ ಅವನದೇ ಒಂದು ರಿಪೋರ್ಟ್ ಬಂತು, ಸೈಕಲ್ ಕಳ್ಳತನ, ಅದ್ರಲ್ಲಿ "ಆಕೆ ಗೊಂದಲದಲ್ಲಿದ್ದಂತೆ ಕಂಡಳು" ಅಂತ ಇತ್ತು. ಏನ್ ನೋಡಿ ಹಾಗನ್ಸ್ತು ಅಂತ ಅಂಚಲ್ಲಿ ಬರೆದು ವಾಪಸ್ ಕಳಿಸ್ದೆ. ಕೈ ಸ್ವಲ್ಪ ನಡುಗಿತು, ನಿಜ ಹೇಳ್ತೀನಿ. ಅರ್ಧ ಗಂಟೆ ಆದ್ಮೇಲೆ ತಿದ್ದಿ ತಂದ: "ಹೆಸರು ಕೇಳಿದಾಗ ಎರಡು ಸಲ ತಡವರಿಸಿದಳು, ಇಂಗ್ಲಿಷ್ ತನ್ನ ಮೂರನೇ ಭಾಷೆ ಎಂದಳು." ಟೇಬಲ್ ಮೇಲಿಟ್ಟು, ಶನಿವಾರ ಮಗಳದು ಡ್ಯಾನ್ಸ್ ಇದೆ, ನೀನು ಫ್ಯಾಮಿಲಿ ಕರ್ಕೊಂಡ್ ಬರ್ತೀಯ ತಾನೆ ಅಂದ.

ಸಹಿ ಹಾಕ್ದೆ. ಅಪ್ಪಂಗೆ ಯೂನಿಫಾರ್ಮ್ ಫೋಟೋ ಕಳಿಸಿದೀನಿ, ತೋಳು ಕಾಣೋ ಹಾಗೆ.